ತೊಂಬತ್ತೆಂಟು ಅಂಕದ ಅಪ್ಪ

"ಇನ್ನು ಈ ಜನ್ಮದಲ್ಲಿ ಆಫೀಸಿನ ಮೆಟ್ಟಿಲು ತುಳಿದರೆ ನನ್ನ ಹೆಸರು ಸುರೇಂದ್ರನೇ ಅಲ್ಲ!"

ಕೆ.ಆರ್. ಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ನಾನು ಈ ಘೋರ ಶಪಥ ಮಾಡಿದಾಗ ಕೇಳಿಸಿಕೊಂಡವಳು ನನ್ನ ಹೆಂಡತಿ ಭೂಮಿಕ ಒಬ್ಬಳೇ. ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಡಂ. ಏಳೂಕಾಲಿನ ಬಸ್ಸಿಗೆ ಹೊರಟು ನಿಂತಿದ್ದಳು.

"ಹೆಸರು ಬದಲಾಯಿಸೋದಾದ್ರೆ ಆಧಾರ್ ಕಾರ್ಡಲ್ಲೂ ಮಾಡಿಸ್ಬೇಕಾಗುತ್ತೆ, ನೆನಪಿರಲಿ" ಅಂದು ಟಿಫನ್ ಡಬ್ಬಿ ಚೀಲಕ್ಕೆ ತುರುಕಿಕೊಂಡು ಹೋದಳು.

ಶಪಥಕ್ಕೆ ಕಾರಣವಿತ್ತು ಸ್ವಾಮಿ! ಮೈಸೂರಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಆಸ್ಪತ್ರೆ ಬಿಲ್ಲು ತಪಾಸಣೆ ಮಾಡುವ ಗುಮಾಸ್ತ ನಾನು. ಹನ್ನೊಂದು ವರ್ಷ ದಿನಾ ಆರರ ಬಸ್ಸು ಹಿಡಿದು, ಕೆ.ಆರ್. ಪೇಟೆಯಿಂದ ಮೈಸೂರಿನವರೆಗೆ ನಿಂತೇ ಹೋಗಿದ್ದೇನೆ. ಶ್ರೀರಂಗಪಟ್ಟಣದಲ್ಲಿ ಜನ ಕಾವೇರಿಗೆ ಕೈ ಮುಗಿಯುತ್ತಾರೆ. ನಾನು ಹನ್ನೊಂದು ವರ್ಷ ಆ ಪುಣ್ಯನದಿಯ ದರ್ಶನ ಮಾಡಿದ್ದು ಪರರ ಕಂಕುಳ ಸಂದಿಯಿಂದ! ಆಮೇಲೆ ಕೊರೊನಾ ಬಂತು. ಕಟ್ಟಡಕ್ಕೆ ಬಾಡಿಗೆ ಕಟ್ಟುವುದು ದಂಡ ಅಂತ ಕಂಪನಿಗೆ ಜ್ಞಾನೋದಯವಾಯಿತು. ಮೈಸೂರು ಆಫೀಸು ಮುಚ್ಚಿ, ಕುರ್ಚಿಗಳನ್ನು ಗುಜರಿಗೆ ಹಾಕಿ, "ಇನ್ನು ನಿಮ್ಮ ಮನೆಯೇ ಆಫೀಸು" ಅಂದಿತು. ಲೋಕವೆಲ್ಲ ಕಣ್ಣೀರಿಡುತ್ತಿದ್ದಾಗ ನಾನೊಬ್ಬ ಪಾಪಿ ಒಳಗೊಳಗೇ ಸುಖವಾಗಿದ್ದೆ.

ನಾಲ್ಕು ವರ್ಷ ಶಪಥ ಉಳಿಯಿತು. ಈ ವರ್ಷ ಒಂದು ಮೇಲ್ ಬಂತು. ಇನ್ನು ಮುಂದೆ ಲ್ಯಾಪ್‌ಟಾಪಿನ ಕ್ಯಾಮರಾ ನಿಮಿಷಕ್ಕೊಮ್ಮೆ ನಮ್ಮ ಮುಖ ನೋಡುತ್ತದಂತೆ. ಕಣ್ಣು ಪರದೆಯ ಮೇಲಿದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ನೂರಕ್ಕೆ ಎಪ್ಪತ್ತೈದರ ಸರಾಸರಿ ಮೂರು ತಿಂಗಳಲ್ಲಿ ಬರದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಚೆನ್ನೈ ಆಫೀಸಿಗೆ ಬಂದು ಕೂರತಕ್ಕದ್ದು!

ಮ್ಯಾನೇಜರು ರಘುನಂದನ್ ಅವರಿಗೆ ಫೋನು ಹಚ್ಚಿದೆ. "ಸಾರ್, ನಮ್ಮ ಮೇಲೆ ನಂಬಿಕೆ ಇಲ್ವಾ?"

"ಛೆ ಛೆ, ನಂಬಿಕೆ ಇದೆ ಸುರೇಂದ್ರ. ಎಷ್ಟಿದೆ ಅಂತ ಅಳೀತಿದೀವಿ, ಅಷ್ಟೇ."

ಚೆನ್ನೈಗೆ ಹೋಗುವುದು ಹೇಗೆ? ಭೂಮಿಕಳ ಸರ್ಕಾರಿ ನೌಕರಿ ಇಲ್ಲಿ, ಮಗಳ ಶಾಲೆ ಇಲ್ಲಿ, ಅಪ್ಪ ಇಲ್ಲಿ. ನಾನೊಬ್ಬನೇ ಅಲ್ಲಿ ಹೋಗಿ ಕೂತು ಏನು ಮಾಡಲಿ? ಹೇಗಾದರೂ ಮಾಡಿ ಎಪ್ಪತ್ತೈದು ದಾಟಲೇಬೇಕು ಅಂತ ಹಲ್ಲು ಕಚ್ಚಿ ಕೂತೆ.

ಮೊದಲ ವಾರ ಬಂದದ್ದು ಐವತ್ತೆರಡು!

ಯಾಕೆ ಅನ್ನುತ್ತೀರಾ? ಬಿಲ್ಲು ತಪಾಸಣೆ ಮಾಡುವವನು ಪಕ್ಕದಲ್ಲಿರುವ ನಿಯಮಗಳ ಪುಸ್ತಕ ನೋಡಬೇಕು. ಪುಸ್ತಕ ನೋಡಿದರೆ ಕ್ಯಾಮರಾ ಪಾಲಿಗೆ ನಾನು ಸೋಮಾರಿ. ಕೆಲಸ ಮಾಡಿದಷ್ಟೂ ಅಂಕ ಇಳಿಯುತ್ತಿತ್ತು. ಸಾಲದ್ದಕ್ಕೆ, ನಮ್ಮೂರಲ್ಲಿ ಹಗಲು ಹೊತ್ತು ಮನೆಯಲ್ಲಿರುವ ಗಂಡಸು ಅಂದರೆ ಒಂದೋ ಕಾಯಿಲೆಯವನು, ಇಲ್ಲ ಕೆಲಸ ಕಳಕೊಂಡವನು. ಎದುರುಮನೆ ಯಶೋದಮ್ಮ ಕಿಟಕಿಯಲ್ಲಿ ಮುಖ ತೂರಿಸಿದರು.

"ಸುರೇಂದ್ರಪ್ಪ, ಎಂಗಿದ್ರೂ ಸುಮ್ಕೆ ಕುಂತಿದ್ದೀಯ, ಒಸಿ ಸಿಲಿಂಡರ್ ಇಳಿಸ್ಕೊಡು ಬಾರಪ್ಪ."

"ಕೆಲಸ ಮಾಡ್ತಿದೀನಿ ಯಶೋದಮ್ಮ!"

"ಅದೇ ಕಣಪ್ಪ, ಟೀವಿ ಆಮೇಕೆ ನೋಡೀವಂತೆ, ಬಾ."

ಎರಡನೇ ವಾರ ಕಿಟಕಿ ಮುಚ್ಚಿದೆ, ಎಂದಿನಂತೆ ಹಾಕಿದ್ದ ರೂಮಿನ ಬಾಗಿಲಿಗೆ ಚಿಲಕವನ್ನೂ ಹಾಕಿದೆ. ಮಗಳು ಪ್ರೋಗ್ರೆಸ್ ಕಾರ್ಡನ್ನು ಬಾಗಿಲಿನ ಕೆಳಗಿನಿಂದ ತೂರಿಸಿದಳು. ನಾನು ಅದನ್ನು ಓದದೆ ಸಹಿ ಹಾಕಿ ಮತ್ತೆ ತೂರಿಸಿದೆ. ಇಷ್ಟು ಮಾಡಿಯೂ ಐವತ್ತೆಂಟು!

ಆಗ ಬಾಗಿಲು ತಟ್ಟಿ ಚಿಲಕ ತೆಗೆಸಿ, ಕಾಫಿ ಲೋಟ ಹಿಡಿದು ಒಳಗೆ ಬಂದವರು ನಮ್ಮಪ್ಪ ಕಾಳಪ್ಪ. ಐವತ್ತು ವರ್ಷ ಅಕ್ಕಸಾಲಿ ಕೆಲಸ ಮಾಡಿದವರು, ಅದೂ ಮನೆಯ ಜಗುಲಿಯಲ್ಲೇ. ಆ ಕಾಲದಲ್ಲಿ ಸರ ಮಾಡಿಸಲು ಬಂದವರು ಚಿನ್ನ ಕೊಟ್ಟು ಮನೆಗೆ ಹೋಗುತ್ತಿರಲಿಲ್ಲ. ಕರಗಿಸುವುದರಿಂದ ಹಿಡಿದು ಮೆರುಗು ಹಾಕುವವರೆಗೆ ಎದುರಿಗೇ ಕೂತು ಕಾಯುತ್ತಿದ್ದರು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ಗಾದೆಯೇ ಇದೆಯಲ್ಲ! ಬುತ್ತಿ ಕಟ್ಟಿಕೊಂಡು ಬಂದು ಎರಡು ದಿನ ಕೂತವರೂ ಇದ್ದರಂತೆ. ಈಗ ಜನ ಶೋರೂಮಿನಿಂದ ಯಂತ್ರದ ಒಡವೆ ತರುತ್ತಾರೆ. ಅಪ್ಪನಿಗೆ ಉಳಿದಿರುವುದು ಮೂಗುಬಟ್ಟಿನ ತಿರುಪು, ತಾಳಿಯ ಬೆಸುಗೆ.

"ಏನ್ಲಾ, ಒಬ್ನೇ ಕುಂತ್ಕಂಡು ಮಿಕಿಮಿಕಿ ನೋಡ್ತಿದ್ದೀಯ?"

"ಕಂಪನಿಯೋರು ಕಾಯ್ತಾವ್ರಪ್ಪ. ಕೆಲ್ಸ ಮಾಡ್ತೀನೋ ಇಲ್ವೋ ಅಂತ."

"ವಾಸಿ ಬುಡು! ನಿನ್ ಕೈಲೂ ಚಿನ್ನ ಐತೆ ಅಂತಾಯ್ತು."

"ಚಿನ್ನ ಎಲ್ಲಿಂದ ಬರ್ಬೇಕು? ಆಸ್ಪತ್ರೆ ಬಿಲ್ಲು."

"ಮತ್ತೆ ಏನ್ ಕದ್ದೀಯ ಅಂತ ಕಾಯ್ತಾವ್ರೆ?"

ಉತ್ತರ ಹುಡುಕಲು ತಲೆ ತಿರುಗಿಸಿದ್ದಕ್ಕೆ ಎರಡು ಅಂಕ ಹೋಯಿತು.

ಅದೇ ಹೊತ್ತಿಗೆ ನಾಗಮಂಗಲದಲ್ಲಿ ಭೂಮಿಕಳ ಸೋದರಮಾವ ಸೋಮಯ್ಯನವರು ತೀರಿಕೊಂಡು ಹನ್ನೊಂದನೇ ದಿನದ ಕಾರ್ಯ ಬಂತು.

"ನನಗೆ ಪರೀಕ್ಷೆ ಡ್ಯೂಟಿ. ನೀವೇ ಹೋಗಿಬನ್ನಿ."

"ನನಗೂ ಆಫೀಸಿದೆ ಕಣೇ!"

"ನೀವು ಮನೇಲೇ ಇರ್ತೀರಲ್ಲ?"

"ಹೈಸ್ಕೂಲ್ ಮೇಡಂ ಬಾಯಲ್ಲೂ ಯಶೋದಮ್ಮನ ಮಾತೇ!"

"ಮಾವನ ಕಾರ್ಯಕ್ಕೆ ಈ ಮನೆಯಿಂದ ಒಂದು ನರಪಿಳ್ಳೆಯೂ ಹೋಗ್ಲಿಲ್ಲ ಅಂದ್ರೆ, ನನ್ನ ಹತ್ರ ನಿಮ್ಮ ಅಂಕ ಎಷ್ಟಾಗುತ್ತೆ ಗೊತ್ತಾ?"

ಗೊತ್ತಿತ್ತು. ರಜೆ ಕೇಳಿದರೆ ರಜೆ ಇಲ್ಲ. ಆಗ ನನ್ನ ತಲೆಯಲ್ಲಿ ಆ ಮಹಾ ಉಪಾಯ ಹೊಳೆಯಿತು! ನಾನೂ ಅಪ್ಪನೂ ಒಂದೇ ಅಚ್ಚು. ಅದೇ ಬೋಳು ತಲೆ, ಅದೇ ಮೊಂಡು ಮೂಗು. ಬಿಳಿ ಮೀಸೆಗೆ ಭೂಮಿಕಳ ಕಾಡಿಗೆ ಹಚ್ಚಿ, ಕಂಪನಿಯ ಹೆಸರಿದ್ದ ಶರ್ಟು ತೊಡಿಸಿ, ಅಪ್ಪನನ್ನು ಗಾಲಿಯಿದ್ದ ನನ್ನ ಕುರ್ಚಿಯ ಮೇಲೆ ಪ್ರತಿಷ್ಠಾಪನೆ ಮಾಡಿದೆ.

"ಈ ಪರದೆ ನೋಡ್ತಾ ಕೂರೋದು, ಅಷ್ಟೇ. ಇದರಲ್ಲಿ ಯಾರಾದ್ರೂ ಬಂದು ಮಾತಾಡಿದ್ರೆ 'ಆಯ್ತು ಸಾರ್' ಅನ್ನಿ, ಬೇರೇನೂ ಬೇಡ."

"ಚಿನ್ನ ಕರಗೋ ಗಳಿಗೆ ಕಾಯ್ಕಂಡು ಕುಂತಿದ್ದ ಕಣ್ಣು ಕಣ್ಲಾ ಇದು. ಓಗು, ಎಡೆ ಉಣ್ಕಂಡು ಬಾ" ಅಂದು ಅಪ್ಪ ಚಕ್ಕಂಬಕ್ಕಳ ಹಾಕಿದರು.

ಸಂಜೆ ನಾಗಮಂಗಲದಿಂದ ಬಂದು ನೋಡಿದರೆ ತೊಂಬತ್ತೆಂಟು! ಇಡೀ ಕಂಪನಿಗೇ ಮೊದಲ ಸ್ಥಾನ! ಅಪ್ಪ ಆ ಅಂಕವನ್ನು ಎರಡು ಸಲ ಓದಿಸಿ ಕೇಳಿದರು. "ಐವತ್ತು ವರ್ಸ ಗೇಯ್ದೆ, ಒಬ್ಬ ನನ್ಮಗನೂ ನಂಗೆ ಮಾರ್ಕು ಕೊಟ್ಟಿರ್ನಿಲ್ಲ ಕಣ್ಲಾ" ಅಂದರು. ನನಗೆ ನಗು ಬರಲಿಲ್ಲ.

ಭೂಮಿಕ ಹುಬ್ಬು ಗಂಟಿಕ್ಕಿದಳು. "ಇದು ಮೋಸ ಅಲ್ವೇನ್ರೀ?"

"ಹಂಗಾದ್ರೆ ಚೆನ್ನೈಗೆ ಹೋಗ್ಲಾ?"

ಒಂದು ಚೊಂಬು ನೀರು ತಂದು ಲ್ಯಾಪ್‌ಟಾಪಿನ ಪಕ್ಕ ಇಟ್ಟಳು. "ನಿಮ್ಮಪ್ಪನಿಗೆ ಗಂಟೆಗೊಂದ್ಸಲ ನೀರು ಕೊಡ್ತಾ ಇರಿ" ಅಂದಳು.

ಒಂದು ದಿನದ ವ್ಯವಸ್ಥೆ ಹನ್ನೊಂದು ವಾರ ನಡೆಯಿತು. ಒಂಬತ್ತರಿಂದ ಆರರವರೆಗೆ ಅಪ್ಪ ಕೂರುವುದು, ಅದಕ್ಕೆ ಮುಂಚೆ ಒಂದಿಷ್ಟು, ಆಮೇಲೆ ಒಂದಿಷ್ಟು ನಾನು ಬಾಗಿಲು ಹಾಕಿಕೊಂಡು ಫೈಲು ನೋಡುವುದು. ದಿನಕ್ಕೆ ನಲವತ್ತು ಫೈಲು ಮುಗಿಸುತ್ತಿದ್ದವನು ಹನ್ನೆರಡಕ್ಕೆ ಇಳಿದೆ. ಯಾರಾದರೂ ಬೈಯಬೇಕು ತಾನೆ? ಮೆಚ್ಚುಗೆಯ ಮೇಲ್ ಬಂತು! ಅದನ್ನು ಓದಿದಾಗ ಗೊತ್ತಾಯಿತು. ಅಷ್ಟು ವರ್ಷ ಬೆನ್ನು ಬಗ್ಗಿಸಿ ಮಾಡಿದ ಕೆಲಸ ಇವರಿಗೆ ಯಾವತ್ತೂ ಬೇಕಾಗಿರಲೇ ಇಲ್ಲ. ಬೇಕಾಗಿದ್ದದ್ದು ಒಂದು ಮುಖ, ಅದೂ ಯಾರದಾದರೂ ನಡೆಯುತ್ತಿತ್ತು.

ಹಗಲೆಲ್ಲ ನಾನು ಜಗುಲಿಯಲ್ಲಿ ಅಪ್ಪನ ಜಾಗದಲ್ಲಿ ತೂಕಡಿಸುತ್ತಿದ್ದೆ. ಮೂರು ತಿಂಗಳು ಮುಗಿಯುವ ದಿನ ಯಶೋದಮ್ಮ ಮೂಗುಬಟ್ಟು ಹಿಡಿದುಕೊಂಡು ಬಂದರು.

"ತಿರುಪು ಮುರ್ದೋಗದೆ. ಕಾಳಪ್ಪಾರು ಇಲ್ವಾ?"

"ಅಪ್ಪ ಆಫೀಸಲ್ಲಿದಾರೆ" ಅಂದೆ. ಬಾಯಿ ತಪ್ಪಿ ನಿಜ ಬಂದಿತ್ತು! ಅದನ್ನು ಮುಚ್ಚಲು, "ಕೊಡಿ ಇಲ್ಲಿ, ನಾನೇ ಮಾಡಿಕೊಡ್ತೀನಿ! ಏಳು ತಲೆಮಾರಿನ ಅಕ್ಕಸಾಲಿ ರಕ್ತ!" ಅಂದು ಕೆಂಡ ಹೊತ್ತಿಸಿ, ಊದುಗೊಳವೆ ಬಾಯಿಗಿಟ್ಟೆ. ಏಳೂ ತಲೆಮಾರಿನ ಉಸಿರು ಸೇರಿಸಿ ಊದಿದೆ. ನೋಡನೋಡುತ್ತಿದ್ದಂತೆ ಮೂಗುಬಟ್ಟು ನಾಚಿ, ನೀರಾಗಿ, ಸಾಸಿವೆ ಕಾಳಾಗಿ ಕೂತಿತು. ಕಲ್ಲು ಚಟ್ ಅಂತ ಸಿಡಿದು ಬೀದಿಗೆ ಹೋಯಿತು.

"ಅಯ್ಯಯ್ಯಪ್ಪೋ! ನಮ್ಮವ್ವ ಕೊಟ್ಟಿದ್ದು! ಕಾಳಪ್ಪಾರೇ, ನಿಮ್ಮಗ ನನ್ ಮನೆ ಹಾಳ್ ಮಾಡ್ಬುಟ್ಟ!" ಅಂತ ಯಶೋದಮ್ಮ ಒಳಗೆ ನುಗ್ಗಿದರು. ಹಿಂದೆಯೇ ಓಡಿದ ನಾನು ಬಾಗಿಲಲ್ಲಿ ಕಲ್ಲಾದೆ. ಪರದೆಯ ಮೇಲೆ ಸಾಕ್ಷಾತ್ ರಘುನಂದನ್!

"ಕಂಗ್ರಾಜುಲೇಷನ್ಸ್ ಸುರೇಂದ್ರ! ಸರಾಸರಿ ತೊಂಬತ್ತು! ನಿಮ್ಮಂಥ ಶಿಸ್ತಿನ ಮನುಷ್ಯ ಮನೇಲಿ ಕೊಳೀಬಾರ್ದು. ಟೀಮ್ ಲೀಡರ್ ಮಾಡಿದೀವಿ. ಸೋಮವಾರದಿಂದ ಚೆನ್ನೈ ಆಫೀಸಿಗೆ ಬಂದು ಉಳಿದೋರಿಗೂ ಕೂರೋದು ಕಲಿಸಿ. ಒಪ್ಪಿಗೆ ತಾನೆ?"

"ಆಯ್ತು ಸಾರ್" ಅಂದರು ಅಪ್ಪ.

"ಏನ್ ಆಯ್ತು? ನನ್ ಮೂಗ್ಬಟ್ಟು ಕರಗೋಯ್ತು!" ಅಂತ ಯಶೋದಮ್ಮ ಸಾಸಿವೆ ಕಾಳನ್ನು ಅಪ್ಪನ ಮೂಗಿಗೆ ಹಿಡಿದರು. ಹನ್ನೊಂದು ವಾರದಲ್ಲಿ ಮೊದಲ ಸಲ ಅಪ್ಪ ಮುಖ ತಿರುಗಿಸಿದರು.

"ಕಲ್ ಬಿಚ್ದೆ ಊದ್ಬುಟ್ಯೇನ್ಲಾ ಮುಟ್ಟಾಳ!"

ನಾನು ಅಪ್ಪನನ್ನು ಮರೆಮಾಡಲು ಹಾರಿ ಕ್ಯಾಮರಾ ಮುಂದೆ ನಿಂತೆ. ಕುರ್ಚಿಯ ಗಾಲಿ ಸರಿದು ಅಪ್ಪ ಪಕ್ಕಕ್ಕೆ ಬಂದರು.

"ಸುರೇಂದ್ರ" ಅಂದರು ರಘುನಂದನ್ ಮೆಲ್ಲಗೆ, "ನೀವ್ಯಾಕೆ ಎರಡು ಕಾಣ್ತಿದೀರ?"

ಇನ್ನೇನು ಮಾಡುವುದು? ಎಲ್ಲ ಒಪ್ಪಿಕೊಂಡೆ. ಹಾಗೆ ಒಪ್ಪಿಕೊಂಡರೆ ಚೆನ್ನೈ ಬಡ್ತಿಯಾದರೂ ತಪ್ಪುತ್ತದೆ ಅನ್ನುವ ದುರಾಸೆಯೂ ಇತ್ತು.

"ಹಾಗಾದ್ರೆ ನಿಮ್ಮ ಸ್ವಂತ ಅಂಕ ಎಷ್ಟು?"

"ಐವತ್ತೈದು ಸಾರ್."

"ಎಪ್ಪತ್ತೈದಕ್ಕಿಂತ ಕಡಿಮೆ. ಅಂದ್ರೆ ಚೆನ್ನೈ."

"ಸಾರ್! ಜಾಸ್ತಿ ಬಂದ್ರೂ ಚೆನ್ನೈ, ಕಡಿಮೆ ಬಂದ್ರೂ ಚೆನ್ನೈ! ಮತ್ತೆ ಮನೆಯಿಂದ ಕೆಲಸ ಮಾಡೋರು ಯಾರು?"

"ನಾನು" ಅಂದರು. ಅವರ ಹಿಂದೆ ಕುಕ್ಕರು ಮೂರನೇ ವಿಷಲ್ ಹಾಕಿತು. "ನೋಡಿ, ಇದನ್ನ ಮೇಲೆ ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ. ಮೂರು ತಿಂಗಳು ಯಾರ ಮುಖ ನೋಡಿ ಹೊಗಳಿದ್ರಿ ಅಂತ ಕೇಳಿದ್ರೆ ನಂದೂ ಹೋಗುತ್ತೆ. ಲೀಡರ್ ಗೀಡರ್ ಏನೂ ಬೇಡ, ಸುಮ್ನೆ ಬಂದ್ಬಿಡಿ."

ಬಂದುಬಿಟ್ಟೆ. ಐದು ವಾರವಾಯಿತು. ಇನ್ನೂರು ಕುರ್ಚಿಯ ಹಾಲಿನಲ್ಲಿ ನಾವು ಹದಿನಾಲ್ಕು ಜನ, ಎಲ್ಲರೂ ಎಪ್ಪತ್ತೈದು ದಾಟದೆ ಫೇಲಾದವರು. ಇಲ್ಲಿ ಕ್ಯಾಮರಾನೂ ಇಲ್ಲ, ಅಂಕವೂ ಇಲ್ಲ. ಆಫೀಸಿಗೆ ಬಂದದ್ದೇ ಕೆಲಸವಂತೆ! ಮೀಟಿಂಗ್ ಅಂದರೆ ಹದಿನಾಲ್ಕೂ ಜನ ಲ್ಯಾಪ್‌ಟಾಪ್ ತೆರೆದು ರಘುನಂದನ್ ಅವರ ಅಡುಗೆಮನೆ ನೋಡುವುದು. ಸಂಜೆ ರೂಮಿಗೆ ಹೋಗಿ ಒಬ್ಬನಿಗೆ ಅಂತ ಒಂದು ಹಿಡಿ ಅಕ್ಕಿ ತೊಳೆಯುವಾಗ ಅಳು ಬರುತ್ತದೆ, ಮುಚ್ಚಿಡುವುದೇನು?

ಹೋದ ಭಾನುವಾರ ವಿಡಿಯೋ ಕಾಲ್ ಮಾಡಿ ಭೂಮಿಕಳ ಮುಖ ಕಂಡ ಕೂಡಲೇ ತಡೆಯಲಾಗಲಿಲ್ಲ. ಕೇಳಿಯೇಬಿಟ್ಟೆ.

"ನಾನಿಲ್ದೆ ಮನೆ ಬಿಕೋ ಅಂತಿದೆಯೇನೇ?"

"ನಿಜ ಹೇಳ್ಲಾ?"

"ಹೇಳು, ಪರವಾಗಿಲ್ಲ. ಅಳಬೇಡ ಮಾತ್ರ."

"ನಾಲ್ಕು ವರ್ಷ ನೀವು ಮನೇಲಿದ್ರಿ, ಆ ರೂಮಿನ ಬಾಗಿಲು ಹಾಕಿರ್ತಿತ್ತು. ಈಗ್ಲೂ ಹಾಕಿದೆ. ಮೊನ್ನೆ ತಿಂಗಳು ಮುಗಿದ್ರೂ ಕಾಫಿಪುಡಿ ಡಬ್ಬ ಖಾಲಿಯಾಗಿರ್ಲಿಲ್ಲ. ಆಗ್ಲೇ ಕಣ್ರೀ ನಂಗೂ ಮಗಳಿಗೂ ನೆನಪಾಗಿದ್ದು, ನೀವು ಊರಲ್ಲಿಲ್ಲ ಅಂತ."