ಸೂಜಿರಾಯರ ಬೀಗದ ಕೈ

ಪ್ರಯೋಗಾಲಯದ ಫ್ರೀಜರು ಬೆಳಗ್ಗೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಒಳಗಿನ ರಕ್ತದ ಟ್ಯೂಬುಗಳನ್ನು ಕರಗುವ ಮೊದಲೇ ಪಕ್ಕದ ಫ್ರೀಜರಿಗೆ ಸಾಗಿಸಬೇಕು. ಕೆಟ್ಟ ಫ್ರೀಜರಿನ ಬೀಗದ ಕೈ ಸೂಜಿರಾಯರ ಬಳಿ. ಅವರು ಕೋಟಿನ ಜೇಬಿಗೆ ಕೈ ಹಾಕಿದರೆ ಬೆರಳು ತೂತಿನಿಂದ ಆಚೆ ಬಂತು!

ಸಕ್ಕರೆ ಕಾಯಿಲೆಯವರ ನರಗಳು ಸದ್ದಿಲ್ಲದೆ ಸಾಯುತ್ತವೆ. ಪಾದ ಜೋಮು ಹಿಡಿಯುವ ಮೊದಲೇ ರಕ್ತ ಏನಾದರೂ ಸುಳಿವು ಕೊಟ್ಟೀತೇ ಎಂದು ಅಲ್ಲಿ ಹುಡುಕುತ್ತಿದ್ದರು. ರಕ್ತ ತೆಗೆಯುವುದು, ಅಂಗಾಲಿಗೆ ಸೂಜಿ ತಾಗಿಸಿ "ನೋವಾಯ್ತಾ?" ಎಂದು ಕೇಳುವುದು ರಾಯರ ಕೆಲಸ. ಅವರಿಗೂ ಸಕ್ಕರೆ ಕಾಯಿಲೆ ಹಳೆಯದೇ. "ನಿಮ್ಮ ಕಾಲನ್ನೂ ತೋರಿಸ್ಕೊಳ್ರೀ" ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದಳು.

"ಚುಚ್ಚೋನಿಗೇ ಚುಚ್ತಾರೇನೇ?" ಎಂದು ರಾಯರು ನಗುತ್ತಿದ್ದರು.

ಆ ಫ್ರೀಜರಿನಲ್ಲಿ ಅವರ ಅಕ್ಕನ ರಕ್ತವೂ ಇತ್ತು. ಕಾಲು ಚೆನ್ನಾಗಿದ್ದಾಗ ಕೊಟ್ಟದ್ದು. ಆಮೇಲೆ ಪಾದದ ಮೇಲೆ ಬಿಸಿನೀರು ಬಿದ್ದರೂ ಅವಳಿಗೆ ತಿಳಿಯಲಿಲ್ಲ. ಹುಣ್ಣು ಕೊಳೆತು ಕೊನೆಗೆ ಅವಳೇ ಹೋದಳು. ಇನ್ನೊಮ್ಮೆ ಆ ರಕ್ತ ಎಲ್ಲಿಂದ ತರುವುದು?

"ತಿಂಡಿ ಜೊತೆ ನುಂಗಿಬಿಟ್ರೇನೋ ರಾಯರೇ, ಎಕ್ಸ್‌ರೇ ತೆಗೆಸಿ" ಎಂದ ಗುಮಾಸ್ತ. ಕಾವಲುಗಾರ ಕಳ್ಳನನ್ನು ಹಿಡಿದವನಂತೆ ಜೇಬೆಲ್ಲ ಹೊರಗೆಳೆಸಿದ. ರಾಯರು ಕಸದ ಬುಟ್ಟಿಗೆ ತಲೆ ತೂರಿಸಿದರು, ಮೇಜಿನಡಿ ತೆವಳಿದರು, ಮೆಟ್ಟಿಲು ಹತ್ತಿ ಇಳಿದು ಮತ್ತೆ ಹತ್ತಿದರು.

"ಯಾಕಣ್ಣ, ಕುಂಟ್ತಾ ಇದ್ದೀರಿ?" ಎಂದಳು ಕಸ ಗುಡಿಸುವವಳು.

"ತಲೆ ಮುಂದೆ ಓಡ್ತಿದೆ ಕಣಮ್ಮ, ಕಾಲು ಹಿಂದೆ ಬಿದ್ದಿದೆ."

ಕೊನೆಗೆ ಮುಖ್ಯಸ್ಥೆ ಮೇಡಂ ಬಂದು, "ಸಾಕು, ಬೀಗ ಒಡೀರಿ" ಎಂದರು. ಒಡೆದರು. ಒಳಗೆ ಮಂಜು ಇನ್ನೂ ಗಟ್ಟಿಯಾಗಿತ್ತು. ಅಕ್ಕನ ಟ್ಯೂಬು ಕಂಡದ್ದೇ ತಡ, ರಾಯರು ಎಲ್ಲರೆದುರೇ ಅತ್ತುಬಿಟ್ಟರು.

ಅಷ್ಟರಲ್ಲಿ ಕಸ ಗುಡಿಸುವವಳು ಕೂಗಿದಳು: "ಅಯ್ಯೋ, ಯಾವುದೋ ಟ್ಯೂಬು ಒಡೆದಿದೆ! ನೆಲವೆಲ್ಲ ರಕ್ತ!"

ಪಕ್ಕದ ಫ್ರೀಜರಿಗೆ ಸಾಗಿಸುತ್ತಿದ್ದ ಟ್ಯೂಬುಗಳೆಲ್ಲ ಸರಿಯಾಗಿದ್ದವು. ಕೆಂಪು ಗುರುತುಗಳು ಬುಟ್ಟಿಯ ಬಳಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ರಾಯರ ಎಡಗಾಲಿಗೆ ಬಂದು ನಿಂತಿದ್ದವು. ಅವರು ತಳ ಬಿರಿದ ಬೂಟು ಕಳಚಿದರು. ಬೆಳಗ್ಗೆ ಬಗ್ಗಿ ಬೂಟು ಹಾಕಿಕೊಳ್ಳುವಾಗ ಜೇಬಿನ ತೂತಿನಿಂದ ಜಾರಿದ್ದ ಬೀಗದ ಕೈ ಅಂಗಾಲಿನಲ್ಲಿ ನಾಟಿಕೊಂಡಿತ್ತು.

"ನೋವಾಗ್ಲಿಲ್ವಾ ರಾಯರೇ?" ಎಂದರು ಮೇಡಂ.

ಊರವರನ್ನೆಲ್ಲ ತಾವು ಕೇಳುತ್ತಿದ್ದ ಪ್ರಶ್ನೆ. ರಾಯರು ಇಲ್ಲವೆಂದು ತಲೆಯಾಡಿಸಿದರು. ಯಾರೂ ನಗಲಿಲ್ಲ.

ಗಾಯಕ್ಕೆ ಪಟ್ಟಿ ಕಟ್ಟಿಸಿ, ಮೇಡಂ ತಾವೇ ಅವರ ರಕ್ತ ತೆಗೆದರು.

"ಅಕ್ಕನ ಪಕ್ಕ ಇಡಿ ಮೇಡಂ."

ಮೇಡಂ ಟ್ಯೂಬಿಗೆ ಅವರ ಹೆಸರಿನ ಚೀಟಿ ಅಂಟಿಸಿದರು.

"ಆಗಲ್ಲ ರಾಯರೇ. ಅದು ಕಾಲು ಚೆನ್ನಾಗಿದ್ದಾಗ ಕೊಟ್ಟವರ ಸಾಲು."