ಆರು ಬಾಟಲಿ ಇಟಲಿ ವೈನು, ಆಯಿಯ ಮೀನು ಪೆಟ್ಟಿಗೆ

ಕಾರವಾರದ ವೈನ್ ಶಾಪಿನ ಕೌಂಟರಿನಲ್ಲಿ ನಿಂತವನಿಗೆ ಡಿಸೆಂಬರ್ ಬಂತೆಂದರೆ ದಿನಕ್ಕೊಂದಾದರೂ ನಗುವ ಪ್ರಸಂಗ ಸಿಕ್ಕೇ ಸಿಗುತ್ತದೆ. ನಾನು ಬರೆಯುತ್ತಿರುವುದು ಇದೇ ಮೊದಲು. ಓದುವವರಿಗೆ ಅರ್ಥವಾಗದೆ ಹೋದೀತೆಂಬ ಹೆದರಿಕೆಯಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ.

ನಮ್ಮದು ಅಂಕೋಲೆ ಕಡೆಯ ಮೀನುಗಾರರ ಮನೆ. ನಾನು ನಾಲ್ಕು ವರ್ಷ ಪ್ರವಾಸಿ ಹಡಗಿನ ಬಾರಿನಲ್ಲಿ ದುಡಿದೆ. ಪ್ರೊಸೆಕ್ಕೊ ಆರಿಸುವುದನ್ನು ಕಲಿತದ್ದು ಅಲ್ಲಿ. ಪ್ರೊಸೆಕ್ಕೊ ಎಂದರೆ ಇಟಲಿಯ ಬಿಳಿ ವೈನು. ಗ್ಲಾಸಿಗೆ ಸುರಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಸೋಡಾದ ಹಾಗೆ ಎಂದರೆ ತಿಳಿಯುತ್ತದೆ, ಆದರೆ ಸೋಡಾ ಅಲ್ಲ. ಲೇಬಲ್ಲಿನ ಮೇಲೆ ‘ಬ್ರೂಟ್’ ಎಂದಿದ್ದರೆ ಸಿಹಿ ಕಡಿಮೆ, ನಮ್ಮ ಮೀನಿನ ಊಟಕ್ಕೆ ಹೊಂದುತ್ತದೆ. ಇದು ನನ್ನ ಅಭಿಪ್ರಾಯ. ತಪ್ಪಿದ್ದರೆ ಕ್ಷಮಿಸಿ. ಆದರೆ ತಪ್ಪಿಲ್ಲ.

ನನ್ನ ಮಾತು ನಂಬಿ ಧಣಿಗಳು, ಅಂದರೆ ಅಂಗಡಿಯ ಮಾಲೀಕರು, ಕಳೆದ ಕ್ರಿಸ್‌ಮಸ್ಸಿಗೆ ಅಂಥ ಆರು ಬಾಟಲಿ ತರಿಸಿದರು. “ಹಬ್ಬದೊಳಗೆ ಆರೂ ಹೋದ್ರೆ ಇನ್ನು ಮೇಲೆ ಮಾಲು ಆರಿಸೂದು ನೀನು. ಹೋಗ್ಲಿಲ್ಲಾ, ಬಾಟ್ಲಿ ಎತ್ತಿ ಕೊಡೂದಷ್ಟೇ ನಿನ್ನ ಕೆಲ್ಸ,” ಎಂದರು.

೧. ಕಾಯಿ ಪರೀಕ್ಷೆ

ಮೊದಲು ಬಂದವರು ಬಾಳೆಗುಳಿಯ ಒಬ್ಬ ನಿವೃತ್ತ ಮಾಸ್ತರರು. ಬಾಟಲಿ ಕೈಗೆ ಕೊಟ್ಟೆ. ಕಿವಿಯ ಹತ್ತಿರ ಹಿಡಿದು ಗಡಗಡ ಅಲ್ಲಾಡಿಸಿದರು, ಸಂತೆಯಲ್ಲಿ ತೆಂಗಿನಕಾಯಿ ಆರಿಸುವ ಹಾಗೆ. ಕೆಳಗಿಟ್ಟು ಎರಡನೆಯದನ್ನು ಅಲ್ಲಾಡಿಸಿದರು. ಮೂರನೆಯದಕ್ಕೆ ನಾನು ಕೂಗಿಯೇಬಿಟ್ಟೆ.

“ಮಾಸ್ತರೇ, ಬೇಡ! ಒಳಗೆ ಗ್ಯಾಸ್ ಅದೆ, ಬೂಚು ಹಾರಿ ಮುಖಕ್ಕೆ ಬರ್ತದೆ!”

“ನೋಡ್ದೇ ತಕಂಡು ಹೋಗೂಕೆ ಆಗ್ತದಾ ತಮಾ? ನಾ ಅಲ್ಲಾಡಿಸದೇ ತಂದ ಕಾಯಿ ಒಂದೂ ಒಳ್ಳೇದಾಗ್ಲಿಲ್ಲ.”

ಗುಳ್ಳೆ ಇಳಿಯುವ ತನಕ ಅವನ್ನು ಮುಟ್ಟಬಾರದು, ಮೆಲ್ಲಗೆ ಒಯ್ಯಬೇಕು ಎಂದು ವಿವರಿಸಿದೆ. ಮಾಸ್ತರರು ಗಂಭೀರವಾಗಿ ತಲೆಯಾಡಿಸಿ, “ಹಂಗಾರೆ ಅಲ್ಲಾಡಿಸದೇ ಇದ್ದದ್ದು ಕೊಡು,” ಎಂದರು. ನಾಲ್ಕನೆಯದನ್ನು ಕೊಟ್ಟೆ. ಅದನ್ನು ಸ್ಕೂಟರಿನ ಕೊಕ್ಕೆಗೆ ನೇತುಹಾಕಿಕೊಂಡು, ರಸ್ತೆಯ ಒಂದು ಹಂಪನ್ನೂ ಬಿಡದೆ, ಕುಣಿಸುತ್ತಾ ಬಾಳೆಗುಳಿಗೆ ಹೊರಟರು.

೨. ದೊಡ್ಡ ಬೂಚು

ಎರಡನೆಯ ಬಾಟಲಿ ಒಯ್ದ ಗಿರಾಕಿ ಮರುದಿನ ಅದನ್ನು ಅರ್ಧ ಖಾಲಿಯಾಗಿ ವಾಪಸು ತಂದರು. “ಮೋಸ ಆಯ್ತು ಮಾರಾಯಾ. ಬೂಚು ದೊಡ್ಡದು ಕೊಟ್ಟಾರೆ. ಎಷ್ಟು ಒತ್ತಿದ್ರೂ ಒಳಗೆ ಹೋಗೂದಿಲ್ಲ. ಅಳತೇದು ಕೊಡು.”

ಈ ಬೂಚನ್ನು ಯಂತ್ರದಲ್ಲಿ ಹಿಂಡಿ ತುರುಕಿರುತ್ತಾರೆ, ಹೊರಬಂದ ಮೇಲೆ ಅಣಬೆಯ ಹಾಗೆ ಉಬ್ಬುತ್ತದೆ, ಮತ್ತೆ ಹೋಗುವುದಿಲ್ಲ, ಆದ್ದರಿಂದ ತೆರೆದ ದಿನವೇ ಮುಗಿಸುವುದು ಒಳ್ಳೆಯದು ಎಂದೆ. ಅವರ ಮುಖ ಅರಳಿತು. ಕೂಡಲೇ ಫೋನ್ ಹಚ್ಚಿ ನನ್ನ ಕಿವಿಗೆ ಹಿಡಿದರು. “ಇದೇ ಮಾತು ನಮ್ಮ ಮನೆಯವ್ಳ ಹತ್ರ ಒಂಚೂರು ಹೇಳು.”

ಹೇಳಿದೆ. ಆ ಕಡೆಯಿಂದ ಅವರ ಹೆಂಡತಿಯ ದನಿ ಬಂತು: “ಹೌದಾ? ರಮ್ಮಿನ ಬಾಟ್ಲಿಗೂ ಅವ್ರು ಇದನ್ನೇ ಹೇಳ್ತಾರೆ!”

೩. ಆಯಿಯ ಪೆಟ್ಟಿಗೆ

ಉಳಿದದ್ದು ನಾಲ್ಕು. ನಾಲ್ಕನ್ನೂ ನೌಕಾನೆಲೆಯ ಒಬ್ಬ ಅಧಿಕಾರಿ ಫೋನಿನಲ್ಲಿ ಹೇಳಿಟ್ಟರು. ಧಾರವಾಡದ ಕಡೆಯವರು, ಆದ್ದರಿಂದ ಮಾತೆಲ್ಲ ಕನ್ನಡದಲ್ಲೇ. ಕ್ರಿಸ್‌ಮಸ್ ದಿನ ಮಧ್ಯಾಹ್ನದ ಊಟಕ್ಕೆ ನೇರವಾಗಿ ಒಯ್ಯುವುದು, ತಣ್ಣಗಿದ್ದರೆ ಮಾತ್ರ ಬೇಕು ಎಂದಿದ್ದರು.

ಅಂದೇ ಬೆಳಿಗ್ಗೆ ಅಂಗಡಿಯ ಫ್ರಿಜ್ ಕೆಟ್ಟಿತು. ಬಾಟಲಿ ಮುಟ್ಟಿದರೆ ಚಹಾದ ಗ್ಲಾಸು ಮುಟ್ಟಿದ ಹಾಗೆ. ಅಧಿಕಾರಿ ಬರಲು ಅರ್ಧ ಗಂಟೆ ಇತ್ತು. ಧಣಿಗಳು ನನ್ನನ್ನೇ ನೋಡಿ, “ಎತ್ತಿ ಕೊಡೂಕೆ ಕಲ್ತ್ಕೋ,” ಎಂದರು.

ಮೀನು ಪೇಟೆ ಕೂಗಳತೆಯಲ್ಲಿದೆ. ಆಯಿ, ಅಂದರೆ ನನ್ನ ತಾಯಿ, ಅಲ್ಲಿ ಮೀನು ಮಾರುತ್ತಾಳೆ. ನಾಲ್ಕನ್ನೂ ಎದೆಗವಚಿಕೊಂಡು ಓಡಿದೆ. ಅವಳ ಥರ್ಮಾಕೋಲ್ ಪೆಟ್ಟಿಗೆಯ ಐಸಿನಲ್ಲಿ ಬಾಟಲಿ ಹೂಳಲು ಹೋದರೆ ಕೈಗೆ ಹೊಡೆದಳು.

“ಬರೀ ಐಸಲ್ಲಿ ಎಂತ ತಂಪಾಗ್ತದಾ? ನೀರು ಹೊಯ್ಯಿ. ಉಪ್ಪು ಹಾಕು. ಹಡಗಲ್ಲಿ ಎಂತದು ಕಲ್ತೆ ನೀನು?”

ಹಡಗಿನಲ್ಲಿ ಕಲಿಸಿದ್ದೂ ಇದನ್ನೇ, ಬಿಳಿ ಕೈಗವಸು ಹಾಕಿಕೊಂಡು, ಬೆಳ್ಳಿಯಂಥ ಬಕೆಟಿನಲ್ಲಿ. ಗಾಬರಿಯಲ್ಲಿ ಮರೆತಿದ್ದೆ. ಆಯಿ ಮರೆತಿರಲಿಲ್ಲ. ವಾಸನೆ ತಾಗದಂತೆ ಬಾಟಲಿಗಳಿಗೆ ಪ್ಲಾಸ್ಟಿಕ್ ಸುತ್ತಿ, ಇಸ್ವಾಣ ಮೀನುಗಳನ್ನು ಬದಿಗೆ ಸರಿಸಿ ಮಲಗಿಸಿದಳು.

ಅಧಿಕಾರಿಯವರನ್ನು ಧಣಿಗಳೇ ಪೇಟೆಗೆ ಕರೆತಂದರು. ಅವರು ಪೆಟ್ಟಿಗೆಗೆ ಕೈ ಹಾಕಿದವರೇ ಚಳಿಯಾಗಿ ಎಳೆದುಕೊಂಡರು. “ನಮ್ಮ ಮೆಸ್ಸಿನ್ಯಾಗೂ ಇಷ್ಟು ತಣ್ಣಗ ಮಾಡೂದಿಲ್ಲಲ್ರೀ!” ಎಂದು ನಾಲ್ಕನ್ನೂ ಕೇಳಿದರು. ಊಟಕ್ಕೆಂದು ಒಂದು ಇಸ್ವಾಣವನ್ನೂ ಆರಿಸಿಕೊಂಡರು.

ಧಣಿಗಳು ಎಲ್ಲರೆದುರೇ ನನ್ನ ಬೆನ್ನು ತಟ್ಟಿದರು. “ಮುಂದಿನ ವರ್ಷದ ಮಾಲು ನೀನೇ ಆರ್ಸು.” ಮೀನು ಪೇಟೆಯ ನಡುವೆ ನಾನು ಅಷ್ಟು ನೆಟ್ಟಗೆ ಯಾವತ್ತೂ ನಿಂತಿರಲಿಲ್ಲ.

ಅಷ್ಟರಲ್ಲಿ ಆಯಿ ಪೆಟ್ಟಿಗೆಯಿಂದ ಮೊದಲ ಬಾಟಲಿ ಎತ್ತಿ ಮೀನು ಕೊಯ್ಯುವ ಮಣೆಯ ಮೇಲೆ ಮಲಗಿಸಿದಳು. ಮೂವತ್ತು ವರ್ಷದ ಅಭ್ಯಾಸ ನೋಡಿ, ಇನ್ನೊಂದು ಕೈ ತಾನಾಗಿ ಕತ್ತಿಗೆ ಹೋಯಿತು. ಅಧಿಕಾರಿಯವರನ್ನು ನೋಡಿ ಕೇಳಿದಳು:

“ಬೆಳಿಗ್ಗೆ ದೋಣಿಗೆ ಬಂದದ್ದು ಸಾಬ್, ಏಕದಂ ತಾಜಾ. ಕೊಯ್ದು ಕೊಡೂದಾ, ಹಂಗೇ ಬೇಕಾ?”