ಗಾಳಿರಾಯನ ಕರವಸ್ತ್ರ ಮತ್ತು ಒಂದು ತಟ್ಟೆ ಸಕ್ಕರೆ

ಆ ಭಾನುವಾರ ನಮ್ಮ ಪಡಸಾಲೆಯಲ್ಲಿ ಯಾರ್ಯಾರು ಕೂತಿದ್ದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರು ಯಾರ ಮೇಲೆ ಏರಿಹೋದರು ಎಂದು ಆಮೇಲೆ ಹೇಳುವಾಗ ಗೊಂದಲವಾಗಬಾರದು. ಸಿಂಧನೂರಿನಿಂದ ಬಂದವರು ನನ್ನ ಅಕ್ಕ ಶಾಂತಕ್ಕ ಮತ್ತು ಅವಳ ಮಗ ವಿರೂಪಾಕ್ಷ. ಲಿಂಗಸುಗೂರಿನಿಂದ ಬಂದವರು ಹನುಮಂತಪ್ಪನವರು, ಅವರ ಹೆಂಡತಿ ಮತ್ತು ಮಗಳು ಸವಿತಾ. ನಡುವಿನ ಕುರ್ಚಿಯಲ್ಲಿ ನಾನು. ಅಡುಗೆಮನೆಯಲ್ಲಿ ನನ್ನ ಹೆಂಡತಿ ನೀಲಮ್ಮ. ಎಲ್ಲರ ಮಧ್ಯೆ, ಟೀಪಾಯಿಯ ಮೇಲೆ, ಬಿಳಿ ಬಟ್ಟೆ ಮುಚ್ಚಿದ ಒಂದು ತಟ್ಟೆ ಸಕ್ಕರೆ.

ಆ ಸಕ್ಕರೆಯನ್ನು ಎಲ್ಲರ ಬಾಯಿಗೆ ಹಾಕಿಬಿಟ್ಟರೆ ವಿರೂಪಾಕ್ಷನಿಗೂ ಸವಿತಾಳಿಗೂ ಮದುವೆ ಗೊತ್ತಾದಂತೆ. ಹಾಕದೆ ಎದ್ದರೆ ಇಲ್ಲ. ನಮ್ಮಲ್ಲಿ ಮಾತು ಎಷ್ಟೇ ಆಗಿರಲಿ, ಸಕ್ಕರೆ ನಾಲಿಗೆಗೆ ತಾಗುವವರೆಗೆ ಅದು ಬರೀ ಮಾತು. ಹುಡುಗ ತುರ್ವಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹುಡುಗಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಇಬ್ಬರಿಗೂ ಒಪ್ಪಿಗೆಯಾಗಿತ್ತು, ಹಿರಿಯರಿಗೂ ಆಗಿತ್ತು. ಮೊದಲ ಚಿಟಿಕೆ ಸಕ್ಕರೆ ಹಾಕಬೇಕಾದವರು ಸವಿತಾಳ ತಾಯಿಯ ತಂದೆ, ಗುರುಗುಂಟಾದ ಅಮರಪ್ಪಜ್ಜ. ಅಜ್ಜನ ಎಮ್ಮೆ ಅಂದೇ ಈಯಬೇಕೆ? ಅದು ಕರು ಹಾಕಿದ ಮೇಲೆ ಬಸ್ಸಿಗೆ ಬರುತ್ತೇನೆಂದು ಹೇಳಿಕಳಿಸಿದ್ದರು. ಹೀಗಾಗಿ ನನ್ನ ಸೋದರಳಿಯನ ಮದುವೆ ಒಂದು ಎಮ್ಮೆಯ ಮರ್ಜಿಗೆ ಬಿದ್ದಿತ್ತು.

ಇಂಥ ಕಾರ್ಯಗಳು ನಮ್ಮ ಮನೆಯಲ್ಲೇ ಏಕೆ ನಡೆಯುತ್ತವೆ ಎಂದು ನೀವು ಕೇಳಬಹುದು. ನಾನೂ ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದೇನೆ. ನನ್ನ ಜಾಣ್ಮೆಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಬಳಗದಲ್ಲಿ ಅರ್ಧ ಜನ ಸಿಂಧನೂರು ಕಡೆ, ಅರ್ಧ ಜನ ಲಿಂಗಸುಗೂರು ಕಡೆ. ಎರಡರ ನಡುವೆ ಮಸ್ಕಿ, ಮಸ್ಕಿಯಲ್ಲಿ ನಮ್ಮ ಮನೆ, ಅದೂ ಬಸ್‌ಸ್ಟ್ಯಾಂಡಿಗೆ ಹತ್ತಿರ. ನಮ್ಮಪ್ಪ ಇಲ್ಲಿ ಜಾಗ ಹಿಡಿಯುವಾಗ ನೀರು, ಗಾಳಿ, ನೆರೆಹೊರೆ ಎಲ್ಲ ನೋಡಿದ್ದರು. ಬಸ್‌ಸ್ಟ್ಯಾಂಡು ಎಷ್ಟು ಹತ್ತಿರವಿದೆ ಎಂದು ಮಾತ್ರ ನೋಡಲಿಲ್ಲ. ಅಂದಿನಿಂದ ಹೆಣ್ಣು ಕೊಡುವ ಮಾತು, ಮುನಿಸಿಕೊಂಡು ಬಂದ ಸೊಸೆಯ ಮಾತು, ಅಣ್ಣತಮ್ಮಂದಿರ ನಡುವೆ ಫ್ರಿಜ್ಜು ಯಾರಿಗೆ ಎಂಬ ಮಾತು ಎಲ್ಲಕ್ಕೂ ನಮ್ಮ ಪಡಸಾಲೆಯೇ ಕಚೇರಿ. ವಾರವೆಲ್ಲ ತಾಲೂಕು ಕಚೇರಿಯಲ್ಲಿ ಗುಮಾಸ್ತಿಕೆ, ಭಾನುವಾರ ಮನೆಯಲ್ಲಿ ನ್ಯಾಯಾಧೀಶಗಿರಿ. ನಾನು ಹೇಳಿದ್ದನ್ನು ಯಾರೂ ಕೇಳುವುದಿಲ್ಲ. ಆದರೆ ನಾನು ಕೂತಿಲ್ಲದೆ ಯಾರೂ ಜಗಳ ಶುರು ಮಾಡುವುದೂ ಇಲ್ಲ.

ಅಜ್ಜನಿಗೆ ಕಾಯುತ್ತ ಚಹಾ ಆಯಿತು, ಚೂಡಾ ಆಯಿತು, ಬಿಸಿಲಿನ ಮಾತು ಆಯಿತು. ಬೀಗರಾಗಬೇಕಾದವರ ನಡುವಿನ ಮೌನ ಎಷ್ಟು ಭಾರವೆಂದು ಅನುಭವಿಸಿದವರಿಗೇ ಗೊತ್ತು. ತಡೆಯಲಾರದೆ ಎದ್ದು ಟಿವಿ ಹಾಕಿದೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು, ಬೇರೇನಿಲ್ಲ. ಬಂದದ್ದು ಗಾಳಿರಾಯನ ಸಿನಿಮಾ.

ಗಾಳಿರಾಯ ನಮ್ಮ ಕಡೆ ಮನೆಮಗನಿದ್ದಂತೆ. ಅವನ ಸಿನಿಮಾ ಟಿವಿಯಲ್ಲಿ ಬಂದರೆ ಉಣ್ಣುವವರು ಕೈ ತೊಳೆಯದೆ ಕೂರುತ್ತಾರೆ. ನೋಡದವರಿದ್ದರೆ ಅವರಿಗಾಗಿ ಕಥೆ ಇಷ್ಟು: ಹಗಲು ಅವನು ಮಾರುಕಟ್ಟೆಯಲ್ಲಿ ತೂಕ ಮಾಡುವ ಸಾದಾ ಮನುಷ್ಯ. ರಾತ್ರಿ ಹೆಂಡತಿ ಮಲಗಿದ ಮೇಲೆ ಎದ್ದು, ಕಣ್ಣಿಗೆ ಎರಡು ತೂತಿರುವ ಕೆಂಪು ಕರವಸ್ತ್ರ ಕಟ್ಟಿಕೊಂಡು, ಗಾಳಿ ಬೀಸಿದತ್ತ ಹಾರಿಹೋಗಿ ಕಷ್ಟದಲ್ಲಿದ್ದವರನ್ನು ಕಾಪಾಡುತ್ತಾನೆ. ಮರುದಿನ ಊರೆಲ್ಲ ಗಾಳಿರಾಯನಿಗೆ ಜೈ ಎನ್ನುತ್ತದೆ, ಅವನ ಹೆಂಡತಿಯೂ ಎನ್ನುತ್ತಾಳೆ. ಅದು ತನ್ನ ಗಂಡನೇ ಎಂದು ಅವಳಿಗೆ ತಿಳಿಯುವುದು ಕೊನೆಗೆ. ನಾನೂ ಈ ಸಿನಿಮಾವನ್ನು ಎಷ್ಟೋ ಸಲ ನೋಡಿ ಕಣ್ಣೊರೆಸಿಕೊಂಡಿದ್ದೇನೆ. ಅದರಲ್ಲಿ ತಪ್ಪು ಹುಡುಕಬಹುದೆಂದು ನನಗೆ ಹೊಳೆದಿರಲೇ ಇಲ್ಲ. ದಿನವಿಡೀ ಅರ್ಜಿಗಳಲ್ಲಿ ತಪ್ಪು ಹುಡುಕುವವನಿಗೆ ಮನೆಗೆ ಬಂದ ಮೇಲೆ ಆ ಚಪಲ ಇರುವುದಿಲ್ಲ.

ಮೊದಲ ಕಿಡಿ ಹಾಕಿದವರು ಹನುಮಂತಪ್ಪನವರು. ಅವರು ಈಚೆಗೆ ನಿವೃತ್ತರಾದ ಬಸ್ ಕಂಡಕ್ಟರು. ಗಾಳಿರಾಯ ಸೇತುವೆಯಿಂದ ಜೋತುಬಿದ್ದ ಬಸ್ಸನ್ನು ಒಂದೇ ಕೈಯಲ್ಲಿ ಎತ್ತಿ ರಸ್ತೆಗೆ ಇಟ್ಟ. ನಾವೆಲ್ಲ ಉಸಿರು ಬಿಟ್ಟೆವು. ಹನುಮಂತಪ್ಪನವರು ಮಾತ್ರ ತಲೆ ಅಲ್ಲಾಡಿಸಿದರು.

"ಡ್ರೈವರ್ ಅದಾನ, ಪ್ಯಾಸೆಂಜರ್ ಅದಾರ, ಕುರಿ ಸೈತ ಅದಾವ. ಕಂಡಕ್ಟರ್ ಎಲ್ಲ್ಯದಾನರೀ?"

"ಕೆಳಗ ಬಿದ್ದಿರಬೇಕು ಬಿಡ್ರಿ," ಎಂದೆ ನಾನು, ಸಮಾಧಾನ ಮಾಡಲು. ಅವರ ಮುಖ ಸಣ್ಣಗಾಯಿತು. ಇಡೀ ಬಸ್ಸಿನಲ್ಲಿ ಸಾಯಲು ನನಗೆ ಕಂಡಕ್ಟರನೇ ಸಿಕ್ಕಿದನೇ ಎಂಬಂತೆ ನೋಡಿದರು.

ಆಗ ಸವಿತಾ ಬಾಯಿ ಬಿಟ್ಟಳು. ಬಂದಾಗಿನಿಂದ ತಲೆ ತಗ್ಗಿಸಿ ಕೂತಿದ್ದ ಹುಡುಗಿ. "ಅದು ಹೋಗಲಿರಿ ಕಾಕಾ. ಕಣ್ಣಿಗೆ ಒಂದು ದಸ್ತಿ ಕಟ್ಕೊಂಡ್ರ ಹೆಂಡ್ತಿಗೆ ಗುರುತ ಸಿಗೂದಿಲ್ಲೇನು? ಮೂಗು ಅದ, ದನಿ ಅದ, ನಡಿಗಿ ಅದ. ಮೂರು ವರ್ಷ ಒಂದ ಮನ್ಯಾಗ ಇದ್ದಾಕಿ."

"ಸಿನಿಮಾದಾಗ ಹಂಗೆಲ್ಲ ಕೇಳಬಾರದು," ಎಂದ ವಿರೂಪಾಕ್ಷ.

"ಹೌದರೀ? ಕಿಡಕಿ ಬಾಗಲ ಮುಚ್ಚಿದ ಗೋದಾಮಿನ್ಯಾಗ ಅವಗ ಹಾರಾಕ ಗಾಳಿ ಎಲ್ಲಿಂದ ಬಂತು ಅಂತಾನೂ ಕೇಳಬಾರದೇನು? ನೀವು ಹುಡುಗರಿಗೆ ವಿಜ್ಞಾನ ಹೇಳ್ತೀರಿ."

"ಫ್ಯಾನ್ ಇತ್ತು ಅಲ್ಲಿ."

"ಕರೆಂಟ್ ಹೋಗಿತ್ತು. ಕಳ್ಳರ ಕೈಯಾಗ ಕಂದೀಲು ಇದ್ವು."

ವಿಜ್ಞಾನದ ಮೇಷ್ಟ್ರು ನನ್ನ ಕಡೆ ನೋಡಿದ. "ಮಾವಾ, ನೀ ಹೇಳು."

ಇಬ್ಬರದೂ ಸರಿ ಎಂದೆ. ಇಬ್ಬರಿಗೂ ಸಿಟ್ಟು ಬಂತು.

ನಡುವೆ ಶಾಂತಕ್ಕ ಮಗನ ಬೆನ್ನಿಗೆ ನಿಂತಳು. "ಗಂಡಸಂದ ಮ್ಯಾಲ ಒಂದೆರಡು ಗುಟ್ಟು ಇರ್ತಾವವ್ವ. ಎಲ್ಲಾನೂ ಹೆಂಡ್ತಿ ಮುಂದ ಒಪ್ಪಸಬೇಕೇನು?"

ಹನುಮಂತಪ್ಪನವರು ಚಹಾದ ಬಸಿ ಕೆಳಗಿಟ್ಟರು. "ಯಾವ ಗುಟ್ಟರೀ ಅಕ್ಕಾರ?"

"ಗಾಳಿರಾಯಂದು ಹೇಳಿದೆರೀ."

"ಅವನ್ನ ಬಿಡ್ರಿ. ಮನಿ ಮಂದಿ ಕಣ್ಣಿಗೆ ಮಣ್ಣು ಹಾಕಾಕ ಬರೂದಿಲ್ಲ. ನನ್ನ ನೌಕರ್ಯಾಗ ಎಷ್ಟು ಮಂದಿ ಮುಖ ನೋಡೀನಿ! ನಮ್ಮ ಮನಿಯವರು ಕಂಬಳಿ ಹೊದ್ದು ನಿಂತ್ರೂ ಬೆನ್ನು ನೋಡಿ ಹೆಸರು ಹೇಳ್ತೀನಿ. ಗುರುತ ಹಿಡೀಲಿಲ್ಲ ಅಂದ್ರ ಆ ಕಥಿನ ಖೊಟ್ಟಿ."

ಈ ಮಾತಿಗೆ ವಿರೂಪಾಕ್ಷನಿಗೆ ಕೆಮ್ಮು ಬಂತು. ಸವಿತಾ ಮತ್ತೆ ತಲೆ ತಗ್ಗಿಸಿದಳು. ನಾನು ಅದನ್ನು ಗಮನಿಸಿದೆ, ಆದರೆ ಏನೂ ಅರ್ಥವಾಗಲಿಲ್ಲ. ಸಿನಿಮಾ ಮುಗಿಯಿತು, ಸಾಬೂನಿನ ಜಾಹೀರಾತು ಬಂತು, ಮಾತು ಮಾತ್ರ ನಿಲ್ಲಲಿಲ್ಲ. ಗಂಡ ಹೆಂಡತಿಗೆ ಹೇಳದೆ ಇದ್ದದ್ದು ಅವಳ ಒಳ್ಳೆಯದಕ್ಕೇ ಎಂದು ಹುಡುಗ. ಮುಚ್ಚಿಟ್ಟು ಮಾಡಿದ ಒಳ್ಳೆಯದು ಯಾರಿಗೆ ಬೇಕು ಎಂದು ಹುಡುಗಿ. ಕೊನೆಗೆ ಅವಳು, "ಹಿಂಗ ಅನ್ನೋರ ಕೂಡ ನಾ ಹೆಂಗ ಬಾಳುವೆ ಮಾಡ್ಲಿ?" ಎಂದೇಬಿಟ್ಟಳು. ಅವಳ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಹನುಮಂತಪ್ಪನವರು ಕಾಲಲ್ಲಿ ಚಪ್ಪಲಿ ಹುಡುಕತೊಡಗಿದರು. ಸಕ್ಕರೆಯ ತಟ್ಟೆಗೆ ಇರುವೆ ಹತ್ತಿದ್ದನ್ನು ಆಗ ನೋಡಿದೆ. ಅವನ್ನು ಊದುತ್ತ ಕೂತೆ. ನನ್ನ ಕೈಲಾಗುತ್ತಿದ್ದದ್ದು ಅಷ್ಟೆ.

ಅಷ್ಟರಲ್ಲಿ ಅಮರಪ್ಪಜ್ಜ ಬಂದರು. ಹೊಸ್ತಿಲಲ್ಲಿ ನಿಂತು, ಎಮ್ಮೆ ಹೆಣ್ಣುಗರು ಹಾಕಿತೆಂದು ಸಂತೋಷದಿಂದ ಹೇಳಿದರು. ಯಾರೂ ನಗಲಿಲ್ಲ. ಅಜ್ಜ ಊರಲ್ಲಿ ಎಷ್ಟೋ ಪಂಚಾಯಿತಿ ಮಾಡಿದವರು, ಗಾಳಿ ಎತ್ತ ಬೀಸುತ್ತಿದೆ ಎಂದು ತಕ್ಷಣ ತಿಳಿದರು. ಗೋಡೆಗೆ ಒರಗಿ ಕೂತು, ಟೋಪಿ ತೆಗೆದು ಮೊಣಕಾಲಿಗೆ ಇಟ್ಟುಕೊಂಡು, "ತಕರಾರು ಏನೈತಿ, ಒಬ್ಬೊಬ್ಬರು ಹೇಳ್ರಿ," ಎಂದರು.

ಅಜ್ಜ ಗಾಳಿರಾಯನನ್ನು ನೋಡಿದವರಲ್ಲ. ಕಥೆಯನ್ನೆಲ್ಲ ನಾನೇ ಹೇಳಬೇಕಾಯಿತು. ಅವರು ಅದನ್ನು ನಡೆದ ಸಂಸಾರವೆಂದೇ ಹಿಡಿದು ಕೇಳಿದರು. ಗಂಡ ಕುಡಿಯುತ್ತಾನೆಯೇ, ಕೈ ಮಾಡುತ್ತಾನೆಯೇ, ಅತ್ತೆ ಇದ್ದಾಳೆಯೇ ಎಂದು ನಡುನಡುವೆ ವಿಚಾರಿಸಿದರು. ಎಲ್ಲ ಕೇಳಿ ನನ್ನನ್ನೇ ಗದರಿಸಿದರು.

"ಅಲ್ಲೋ ತಮ್ಮ, ಮೂರು ವರ್ಷ ಗಂಡ ರಾತ್ರಿ ಎದ್ದು ಎದ್ದು ಹೋಗ್ಯಾನ. ಆ ಹುಡುಗಿ ತವರಮನಿಯವರು ಏನು ಮಾಡಾಕತ್ತಿದ್ರು? ಅಣ್ಣತಮ್ಮರು ಇಲ್ಲ? ಒಬ್ಬ ಕಾಕಾ ಇಲ್ಲ? 'ನಮ್ಮ ಮಗಳು ಹೆಂಗದಾಳ' ಅಂತ ಒಂದು ನಾಗರಪಂಚಮಿ ಹಬ್ಬಕ್ಕ ಕರಿಯಾಕ ಸೈತ ಬಂದಿಲ್ಲ?"

ನಿಜ. ಅಷ್ಟು ಸಲ ನೋಡಿದ ಸಿನಿಮಾದಲ್ಲಿ ಆ ಹೆಣ್ಣುಮಗಳಿಗೆ ತವರಿನಿಂದ ಒಂದು ನರಪಿಳ್ಳೆ ಬಂದಿರಲಿಲ್ಲ. ಬಸ್ಸು, ಗೋದಾಮು, ಕರವಸ್ತ್ರ ಎಲ್ಲ ಅದರ ಮುಂದೆ ಸಣ್ಣ ತಪ್ಪುಗಳಾಗಿ ಕಂಡವು.

"ಖೊಟ್ಟಿ ಕಥಿ," ಎಂದು ಅಜ್ಜ ಫೈಸಲಾ ಕೊಟ್ಟರು. ಅಲ್ಲಿಗೇ ಬಿಟ್ಟಿದ್ದರೆ ನಾನು ಅವರ ಪಾದಕ್ಕೆ ಬೀಳುತ್ತಿದ್ದೆ. ಬಿಡಲಿಲ್ಲ. ವಿರೂಪಾಕ್ಷನತ್ತ ತಿರುಗಿದರು. "ನೀ ಅವನ ಕಡಿ ಆಗಿ ಮಾತಾಡಿದಿ ಅಂತ. ನಮ್ಮ ಹುಡುಗಿ ತವರಮನಿಯವರು ನಾವು ಇಲ್ಲೇ ಕುಂತೀವಿ. ಮುಚ್ಚಿಟ್ಟಿದ್ದೇನರ ಇದ್ರ ಸಕ್ಕರಿ ಮುಂದ ಹೇಳಿಬಿಡು."

ಹುಡುಗ ಸವಿತಾಳನ್ನು ನೋಡಿದ. ಅವಳು, "ನೀವು ಹೇಳೂದಿಲ್ಲ, ನಾನ ಹೇಳ್ತೀನಿ," ಎಂದು ತಂದೆಯ ಕಡೆ ತಿರುಗಿದಳು.

"ಅಪ್ಪಾ, ಟ್ರೇನಿಂಗ್ ಐತಿ ಅಂತ ಸಿಂಧನೂರಿಗೆ ಹೋಗಿದ್ದೆನಲ್ಲ, ಟ್ರೇನಿಂಗ್ ಇರಲಿಲ್ಲ. ಅಲ್ಲಿ ಥಿಯೇಟರಿನ್ಯಾಗ ಇದ ಸಿನಿಮಾ ತಿರುಗಿ ಹಾಕಿದ್ರು. ಇವರ ಕೂಡ ಹೋಗಿದ್ದೆ. ಮದುವಿ ಮಾತು ಶುರು ಆಗೂಕಿಂತ ಮೊದಲ ನಾವು ಒಬ್ಬರಿಗೊಬ್ಬರು ಗೊತ್ತಿದ್ವಿ."

ಅಡುಗೆಮನೆಯಲ್ಲಿ ಸೌಟು ನಿಂತಿತು.

"ಸುಳ್ಳು," ಎಂದರು ಹನುಮಂತಪ್ಪನವರು. "ದಿನಾ ನಾ ಬಸ್‌ಸ್ಟ್ಯಾಂಡಿನ್ಯಾಗ ಕುಂತಿರ್ತೀನಿ. ನನ್ನ ಕಣ್ಣು ತಪ್ಪಿಸಿ ನೀ ಹೆಂಗ ಹೋಗ್ತಿ?"

"ಹೋಗಾಕ ಹೆದರಿ, ಮುಖದ ತುಂಬ ಓಡ್ನಿ ಕಟ್ಕೊಂಡು, ತಂಪು ಚಸ್ಮಾ ಹಾಕ್ಕೊಂಡು ನಿಂತಿದ್ದೆ. ನೀ ನನ್ನ ಹತ್ರಾನ ಬಂದಿ. 'ತಂಗಿ, ಸಿಂಧನೂರು ಬಸ್ಸು ಆ ಕಡಿ ನಿಂದರ್ತದ' ಅಂದಿ. ರಶ್ ಭಾಳ ಐತಿ ಅಂತ ಕಿಡಕ್ಯಾಗಿಂದ ನಿನ್ನ ಟವೆಲ್ ಹಾಕಿ ಸೀಟು ಹಿಡಿದು ಕೊಟ್ಟಿ."

ಅವಳ ಕಣ್ಣು ತುಂಬಿತ್ತು. "ದಾರಿ ಪೂರಾ ಅಳಕೋತ ಹೋದೆನಪ್ಪಾ. ಸಿನಿಮಾ ಛಲೋ ಕಾಣಲಿಲ್ಲ. ನಿನಗ ಹೇಳಿಬಿಡೋಣು ಅಂತ ಅವತ್ತಿಂದ ಇವರಿಗೆ ಹೇಳಾಕತ್ತೀನಿ. ಮದುವಿ ಆಗಲಿ, ಆಮ್ಯಾಲ ನೋಡೂಣು ಅಂತಾರ."

ಅವರಿಬ್ಬರೂ ಇಷ್ಟು ಹೊತ್ತು ಜಗಳವಾಡಿದ್ದು ಗಾಳಿರಾಯನಿಗಾಗಿ ಅಲ್ಲವೆಂದು ನನಗೆ ಆಗ ತಿಳಿಯಿತು. ನ್ಯಾಯಾಧೀಶನಿಗೆ ಎಲ್ಲವೂ ಕೊನೆಗೇ ತಿಳಿಯುವುದು.

ಹನುಮಂತಪ್ಪನವರು ಹೆಗಲ ಮೇಲಿನ ಟವೆಲು ತೆಗೆದು ನೋಡಿದರು. ಅದೇ ಟವೆಲೋ ಏನೋ. ಅವರ ಹೆಂಡತಿ ಅವರ ಮುಖ ನೋಡುತ್ತಿದ್ದರು, ಶಾಂತಕ್ಕ ಮಗನ ಮುಖ ನೋಡುತ್ತಿದ್ದಳು. ಹನುಮಂತಪ್ಪನವರು ಎದ್ದು ಹೋಗುತ್ತಾರೆಂದೇ ನಾನಂದುಕೊಂಡೆ.

"ನಾನ ಸೀಟು ಹಿಡಿದು ಕೊಟ್ಟೆ?" ಎಂದು ಮೆಲ್ಲಗೆ ಕೇಳಿದರು.

"ಹೂಂನಪ್ಪ."

"ಕಿಡಕಿ ಸೀಟಾ?"

"ಕಿಡಕೀದ."

ಅವರ ಹೊಟ್ಟೆ ಮೊದಲು ಅಲುಗಾಡಿತು, ಆಮೇಲೆ ನಗು ಬಂತು. ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡರು. ವಿರೂಪಾಕ್ಷ ಎದ್ದುಬಂದು ಕಾಲು ಮುಟ್ಟಲು ಬಗ್ಗಿದ. ಅವನ ಭುಜ ಹಿಡಿದು ನಿಲ್ಲಿಸಿ ಗಟ್ಟಿಯಾಗಿ ಹೇಳಿದರು: "ಇನ್ನ ಮ್ಯಾಲ ನನ್ನ ಮಗಳು ಹೇಳೂಣು ಅಂದ್ರ ಹೇಳಬೇಕು. ತಿಳೀತಿಲ್ಲೋ?" ಹುಡುಗ ಹೂಂ ಎಂದ. ಅವರು ತಾವೇ ತಟ್ಟೆಯ ಮೇಲಿನ ಬಟ್ಟೆ ತೆಗೆದು ಅಜ್ಜನ ಮುಂದೆ ಹಿಡಿದರು. ಅಜ್ಜ ಒಂದೊಂದೇ ಇರುವೆ ತೆಗೆದುಹಾಕಿ, ಮೊಮ್ಮಗಳ ಬಾಯಿಗೆ ಮೊದಲ ಚಿಟಿಕೆ ಹಾಕಿದರು.

ಎಲ್ಲರೂ ಹೋದ ಮೇಲೆ ಬಸಿ ಎತ್ತುತ್ತ ನೀಲಮ್ಮ ಕೇಳಿದಳು. "ಮಂದಿ ನ್ಯಾಯ ಮಾಡ್ತೀರಿ. ನೀವೇನರ ಮುಚ್ಚಿಟ್ಟೀರೇನು ನನ್ನ ಮುಂದ?" ಇಲ್ಲವೆಂದೆ. ನಿಜವಾಗಿಯೂ ಏನೂ ಇರಲಿಲ್ಲ. ಅವಳು, "ಅದಕ್ಕ ನಿಮಗ ನಿದ್ದಿ ಭಾಳ," ಎಂದು ಒಳಗೆ ಹೋದಳು.

ಮದುವೆಯಾಯಿತು. ಮುಂದಿನ ವರ್ಷ ಗಾಳಿರಾಯನ ಎರಡನೆಯ ಭಾಗ ಬಂತು. ಎರಡೂ ಮನೆಯವರು ಕೂಡಿ ಸಿಂಧನೂರಿನ ಥಿಯೇಟರಿಗೆ ಮಧ್ಯಾಹ್ನದ ಆಟಕ್ಕೆ ಹೋದೆವು. ದೀಪ ಆರಿತು, ತಂಪು ಗಾಳಿ ಬೀಸಿತು, ನನಗೆ ಕಣ್ಣು ಹತ್ತಿತು. ಎಚ್ಚರವಾದಾಗ ಒಬ್ಬಾಕೆ ನನ್ನ ಕಾಲ ಸುತ್ತ ಕಸ ಗುಡಿಸುತ್ತಿದ್ದಳು. ಅತ್ತಿತ್ತ ನೋಡಿದರೆ ನಮ್ಮವರು ಯಾರೂ ಇರಲಿಲ್ಲ. ಹೊರಗೆ ಬಂದು ಚಹಾ ಕುಡಿಯುತ್ತಿರುವಾಗ ನೀಲಮ್ಮನ ಫೋನು ಬಂತು. ಎಲ್ಲರೂ ನಮ್ಮ ಪಡಸಾಲೆಗೆಂದು ಮಸ್ಕಿ ಬಸ್ಸು ಹತ್ತಿ ಅರ್ಧ ದಾರಿ ಹೋಗಿದ್ದರು. ಅವಳ ಹಿಂದೆ ಸಿನಿಮಾದ ತಪ್ಪುಗಳ ಮೇಲೆ ಜೋರು ಜೋರು ಮಾತು ಕೇಳುತ್ತಿತ್ತು.

"ಎಲ್ಲಿದ್ದೀರಿ?" ಎಂದಳು. "ಯಾರು ಹೇಳಿದ್ದು ಖರೆ ಅಂತ ನಿಮ್ಮನ್ನ ಕೇಳೂಣು ಅಂತ ತಿರುಗಿದ್ರ, ನೀವ ಇಲ್ಲ."